ತಂಬೂರಿ ಎಲ್ಲಿ ಹೋತು? ಮೂವತ್ತು ಸಾವಿರದೊಳಗೆ ಮನೆಗೊಂದು ಸ್ಟೀರಿಯೊ

ನನ್ನ ಸೋದರಮಾವ ಹಾಡುಗಾರರಲ್ಲ. ಆದರೆ ಧಾರವಾಡದ ಮನೆಗಳಲ್ಲಿ ನಡೆಯುತ್ತಿದ್ದ ಬೈಠಕ್‌ಗಳಲ್ಲಿ ನಲವತ್ತು ವರ್ಷ ಹಾಡುವವರ ಹಿಂದೆ ಕೂತು ತಂಬೂರಿ ನುಡಿಸಿದವರು. ಅವರಿಗೆ ಎಪ್ಪತ್ತು ತುಂಬಿದಾಗ ಮನೆಯವರೆಲ್ಲ ಸೇರಿ ಒಂದು ಹೋಂ ಥಿಯೇಟರ್ ಸೆಟ್ ಕೊಡಿಸಿದೆವು. ಹಬ್ಬದ ಸೇಲ್‌ನಲ್ಲಿ ಸಿಕ್ಕಿದ್ದು. ಐದು ಪುಟ್ಟ ಸ್ಪೀಕರ್, ಜೊತೆಗೆ ಒಂದು ದೊಡ್ಡ ಸಬ್‌ವೂಫರ್. ಟಿ.ವಿ. ಶೋಕೇಸಿನೊಳಗೆ ಚಂದ ಮಾಡಿ ಜೋಡಿಸಿ, ಮಲ್ಲಿಕಾರ್ಜುನ ಮನ್ಸೂರರ ಒಂದು ರೆಕಾರ್ಡಿಂಗ್ ಹಾಕಿದೆವು. ಮಾವ ಐದು ನಿಮಿಷ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಮೆಲ್ಲಗೆ ಕೇಳಿದರು: "ಹಾಡು ಕೇಳಸ್ತೈತಿ. ತಂಬೂರಿ ಎಲ್ಲಿ ಹೋತು?"

ನಾವು ಹತ್ತಿರ ಹೋಗಿ ಕಿವಿಗೊಟ್ಟು ಕೇಳಿದೆವು. ನಿಜವಾಗಿ ತಂಬೂರಿ ಇರಲಿಲ್ಲ. ಗಾಯಕರ ದನಿ ಇತ್ತು, ತಬಲಾದ ಡಗ್ಗಾ ಗುಮ್ಮೆನ್ನುತ್ತಿತ್ತು. ನಡುವೆ ಇರಬೇಕಾದ ನಾದ ಮಾತ್ರ ಮಾಯ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ನಾನು ಈ ವಿಷಯ ಕಲಿತೆ. ಆಮೇಲೆ ಸ್ನೇಹಿತರ, ನೆಂಟರ ಮನೆಗಳಲ್ಲಿ ಸ್ಟೀರಿಯೊ ಕೂರಿಸಲು ಹೋದಾಗಲೆಲ್ಲ ಅದೇ ಪ್ರಶ್ನೆ ಹಾಕಿಕೊಂಡಿದ್ದೇನೆ. ಇವತ್ತು ನಿಮಗೂ ಅದನ್ನೇ ಕೊಡುತ್ತೇನೆ. ಅಂಗಡಿಯಲ್ಲಾಗಲಿ ಮನೆಯಲ್ಲಾಗಲಿ, ಮೊದಲು ತಂಬೂರಿಗೆ ಕಿವಿಗೊಡಿ.

ಯಾಕೆ ತಂಬೂರಿ? ಅದಕ್ಕೆ ಕಾರಣ ಇದೆ. ಗಂಡಸರು ಕರಿ ಒಂದರ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ ಹಾಡುವಾಗ ತಂಬೂರಿಯ ಖರ್ಜದ ತಂತಿ, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರದ ತಂತಿ, ಸೆಕೆಂಡಿಗೆ ಸುಮಾರು 69 ಸಲ ಕಂಪಿಸುತ್ತದೆ. ಅಂದರೆ 69 ಹರ್ಟ್ಸ್. ಸಣ್ಣ ಸ್ಪೀಕರ್‌ಗಳಿಗೆ ಅಷ್ಟು ಕೆಳಗಿನ ಸ್ವರ ಕಷ್ಟ. ಆದರೆ ತಂಬೂರಿಯ ಸೊಗಸು ಅಲ್ಲಿಗೇ ಮುಗಿಯುವುದಿಲ್ಲ. ತಂತಿಗಳನ್ನು ಹೊತ್ತಿರುವ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ದಾರ ಇಟ್ಟು ಜವಾರಿ ಕೂಡಿಸುತ್ತಾರಲ್ಲ, ಅದರಿಂದ ಒಂದೇ ತಂತಿಯೊಳಗೆ ಮೇಲಿನ ಸ್ವರಗಳ ಒಂದು ಗೊಂಚಲೇ ಅರಳುತ್ತದೆ. ಅವು ಸಾವಿರಾರು ಹರ್ಟ್ಸ್‌ವರೆಗೆ ಏರುತ್ತವೆ. ಹೀಗೆ ತೀರಾ ಕೆಳಗಿನದೂ ತೀರಾ ಮೇಲಿನದೂ ಒಂದೇ ವಾದ್ಯದಲ್ಲಿದೆ. ಅದೂ ಮೆಲುದನಿಯಲ್ಲಿ, ಬಿಡುವಿಲ್ಲದೆ. ಕೆಳಗಿನ ಸ್ವರ ನುಡಿಸುವ ವೂಫರ್ ಗುಮ್ಮೆಂದರೆ ತಂಬೂರಿ ಮುಚ್ಚಿಹೋಗುತ್ತದೆ. ಮೇಲಿನ ಸ್ವರ ನುಡಿಸುವ ಪುಟ್ಟ ಟ್ವೀಟರ್ ಕಳಪೆಯಾದರೆ ಜವಾರಿ ಬರೀ ಜುಂಯ್ ಅನ್ನುತ್ತದೆ. ಕೋಣೆಯಲ್ಲಿ ಪ್ರತಿಧ್ವನಿ ಜಾಸ್ತಿಯಾದರೆ ಕಲಸಿಹೋಗುತ್ತದೆ. ಏನೇ ಕೆಟ್ಟರೂ ಮೊದಲು ಕಾಣೆಯಾಗುವುದು ಅದೇ.

ನೀವು ಶಾಸ್ತ್ರೀಯ ಸಂಗೀತ ಕೇಳದವರಾಗಿರಬಹುದು. ಭಾವಗೀತೆ, ಹಳೆಯ ಸಿನಿಮಾ ಹಾಡು, ಬೇರೆ ಏನಾದರೂ ಇರಲಿ. ತಂಬೂರಿ ಚೆನ್ನಾಗಿ ಕೇಳಿಸುವ ಸ್ಪೀಕರ್‌ನಲ್ಲಿ ಮಿಕ್ಕ ಎಲ್ಲವೂ ಸಾಮಾನ್ಯವಾಗಿ ಚೆನ್ನಾಗಿಯೇ ಕೇಳಿಸುತ್ತದೆ.

ಮೊದಲ ಲೆಕ್ಕ ತುಂಬ ಸುಲಭ. ಕೈಯಲ್ಲಿ 30,000 ರೂಪಾಯಿ ಇದೆ ಅಂದುಕೊಳ್ಳಿ. ಆರು ಡಬ್ಬಿಗಳ ಹೋಂ ಥಿಯೇಟರ್ ಕೊಂಡರೆ ಒಂದೊಂದಕ್ಕೆ ಬೀಳುವುದು 5,000. ಅದರೊಳಗೇ ಆಂಪ್ಲಿಫೈಯರ್, ರಿಮೋಟ್, ವೈರು, ಪ್ಯಾಕಿಂಗ್ ಎಲ್ಲ ಬಂತು. ಅದೇ ದುಡ್ಡನ್ನು ಎರಡು ಸ್ಪೀಕರ್‌ಗೆ ಹಾಕಿದರೆ ಒಂದೊಂದೂ ಮೂರು ಪಟ್ಟು ಬೆಲೆಯ ಸಾಮಾನಿನಿಂದ ಆಗಿರುತ್ತದೆ. ಹಾಡು ಕೇಳುವುದಕ್ಕೆ ಎರಡು ಸಾಕು. 1931ರಲ್ಲಿ ಇಂಗ್ಲೆಂಡಿನ ಅಲನ್ ಬ್ಲಮ್ಲೈನ್ ಎಂಬ ಎಂಜಿನಿಯರ್ ಸ್ಟೀರಿಯೊಗೆ ಪೇಟೆಂಟ್ ಅರ್ಜಿ ಹಾಕಿದ. ಸಿನಿಮಾದಲ್ಲಿ ನಟ ಪರದೆಯ ಒಂದು ಬದಿಯಲ್ಲಿದ್ದರೂ ದನಿ ಮಾತ್ರ ಒಂದೇ ಜಾಗದಿಂದ ಬರುವುದು ಅವನಿಗೆ ಸರಿ ಕಾಣಲಿಲ್ಲವಂತೆ. ನಮಗಿರುವುದು ಎರಡು ಕಿವಿ, ಎರಡು ಸ್ಪೀಕರ್‌ನಿಂದ ಇಡೀ ವೇದಿಕೆಯನ್ನು ಕಟ್ಟಬಹುದು ಎಂಬುದು ಅವನ ತಿಳಿವಳಿಕೆ. ಇಂದಿಗೂ ಬಹುಪಾಲು ಸಂಗೀತ ಎರಡು ಸ್ಪೀಕರ್‌ಗೆಂದೇ ರೆಕಾರ್ಡ್ ಆಗುತ್ತದೆ.

ಒಂದೇ ಬ್ಲೂಟೂತ್ ಸ್ಪೀಕರ್ ಸಾಲದೇ ಎಂದು ಬಹಳ ಜನ ಕೇಳುತ್ತಾರೆ. ಅಡುಗೆ ಮಾಡುವಾಗ ಕೇಳಲು ಸಾಕು. ಆದರೆ ಕೂತು ಕೇಳಬೇಕು ಅಂದರೆ ಒಂದೇ ಡಬ್ಬಿಯಿಂದ ಬರುವ ದನಿಯಲ್ಲಿ ಎಡ, ಬಲ, ನಡು ಅನ್ನುವುದು ಇರುವುದಿಲ್ಲ. ತಬಲಾ, ಹಾರ್ಮೋನಿಯಂ, ತಂಬೂರಿ ಎಲ್ಲ ಒಂದರ ಮೇಲೊಂದು ಕೂತಿರುತ್ತವೆ.

ಈಗ ವ್ಯಾಟ್ ವಿಷಯ. ಜನ ಅತಿ ಜಾಸ್ತಿ ಮೋಸ ಹೋಗುವುದು ಇಲ್ಲೇ. ಡಬ್ಬಿಯ ಮೇಲೆ ದೊಡ್ಡದಾಗಿ 1000 ವ್ಯಾಟ್ ಎಂದು ಬರೆದಿರುತ್ತಾರೆ, ಪಕ್ಕದಲ್ಲಿ ಸಣ್ಣಗೆ ಪಿಎಂಪಿಒ, ಅಂದರೆ ಕ್ಷಣಮಾತ್ರದ ತುತ್ತತುದಿಯ ಲೆಕ್ಕ, ಎಂದಿರುತ್ತದೆ. ಆ ಸಂಖ್ಯೆಗೆ ಯಾವ ಅರ್ಥವೂ ಇಲ್ಲ. ನೋಡಬೇಕಾದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಎಡೆಬಿಡದೆ ಕೊಡಬಲ್ಲ ಶಕ್ತಿ. ಅದನ್ನೂ ನಂಬುವುದು ಕಷ್ಟವಾದರೆ ಡಬ್ಬಿಯನ್ನು ತಿರುಗಿಸಿ ಅಡಾಪ್ಟರ್ ನೋಡಿ. 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಗುಣಿಸಿ, 24 ವ್ಯಾಟ್ ಆಯಿತು. ಒಳಗೆ ಹೋಗುವುದೇ 24 ವ್ಯಾಟ್ ಆದರೆ ಹೊರಗೆ ಎಡೆಬಿಡದೆ 1000 ವ್ಯಾಟ್ ಬರುವುದು ಹೇಗೆ? ಬಿಂದಿಗೆಯಲ್ಲಿ ಇದ್ದಷ್ಟೇ ನೀರು ಸುರಿಯಲು ಬರುವುದು, ಅಲ್ವಾ?

ಹಾಗಾದರೆ ಎಷ್ಟು ಬೇಕು? ನೀವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಸ್ಪೀಕರ್‌ನ ವಿವರದಲ್ಲಿ 87 ಡೆಸಿಬೆಲ್ ಎಂದಿದ್ದರೆ, 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಅಷ್ಟು ಸದ್ದು ಬರುತ್ತದೆ ಎಂದು ಅರ್ಥ. ಎದುರು ಕೂತು ಮಾತಾಡುವ ಸದ್ದು ಸುಮಾರು 60 ಡೆಸಿಬೆಲ್. ಮನೆಯ ಹಾಲ್‌ನಲ್ಲಿ ಎಂಟು ಅಡಿ ದೂರ ಕೂತು ಚೆನ್ನಾಗಿ ತುಂಬಿ ಕೇಳಲು 75 ಡೆಸಿಬೆಲ್ ಬೇಕು ಅನ್ನಿ. ಅದಕ್ಕೆ ಒಂದು ವ್ಯಾಟ್‌ಗಿಂತ ಕಡಿಮೆ ಸಾಕು. ತಬಲಾದ ಒಂದು ಪೆಟ್ಟು ಇದ್ದಕ್ಕಿದ್ದಂತೆ 20 ಡೆಸಿಬೆಲ್ ಮೇಲೆ ಹಾರಿದಾಗ ಮಾತ್ರ ಹದಿನೈದು ಇಪ್ಪತ್ತು ವ್ಯಾಟ್ ಬೇಕಾಗುತ್ತದೆ. ಹಾಗಾಗಿ ಒಂದೊಂದು ಬದಿಗೆ 20ರಿಂದ 40 ನಿಜವಾದ ವ್ಯಾಟ್ ಇದ್ದರೆ ನಮ್ಮ ಮನೆಗಳಿಗೆ ಧಾರಾಳ.

ಇನ್ನೊಂದು ಮಾತು ನೆನಪಾಗುತ್ತದೆ. ಮೈಕು ಇನ್ನೂ ಬಳಕೆಗೆ ಬರದ ಕಾಲದಲ್ಲಿ ಮೈಸೂರಿನ ಚೌಡಯ್ಯನವರು ದೊಡ್ಡ ಸಭೆಯ ಹಿಂದಿನ ಸಾಲಿಗೂ ಕೇಳಲಿ ಎಂದು ಪಿಟೀಲಿಗೆ ಏಳು ತಂತಿ ಕಟ್ಟಿದರು. ಸದ್ದು ಬೇಕೆಂದಾಗ ಅವರು ನಾದ ಬಿಟ್ಟುಕೊಡಲಿಲ್ಲ. ನಾದವನ್ನೇ ತುಂಬಿಸಿಕೊಂಡರು. ಸ್ಪೀಕರ್ ಮಾಡುವವರಿಂದ ನಾನು ಬಯಸುವುದೂ ಅದನ್ನೇ.

ಕೊಳ್ಳುವ ದಾರಿ ಮೂರು. ಒಂದು, ಆಂಪ್ಲಿಫೈಯರ್ ಒಳಗೇ ಇರುವ ಜೋಡಿ ಸ್ಪೀಕರ್. ಪವರ್ಡ್ ಸ್ಪೀಕರ್ ಅನ್ನುತ್ತಾರೆ. ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ. ಎಡಿಫೈಯರ್ ಕಂಪನಿಯ ಆರ್1280ಟಿ ಇದೆಯಲ್ಲ, ಅಂಥದ್ದು. ನಾಲ್ಕು ಇಂಚಿನ ವೂಫರ್, 13 ಮಿಲಿಮೀಟರಿನ ರೇಷ್ಮೆ ಟ್ವೀಟರ್, ಎರಡೂ ಸೇರಿ 42 ವ್ಯಾಟ್ ಆರ್‌ಎಂಎಸ್. ಮರದ ಡಬ್ಬಿ, ಕೆಂಪು ಬಿಳಿ ಪಿನ್ನಿನ ಇನ್‌ಪುಟ್ ಎರಡು. ಬೆಲೆ ಏರಿಳಿಯುತ್ತದೆ, ಆದರೂ ಹತ್ತು ಸಾವಿರದ ಆಸುಪಾಸು. ಚಿಕ್ಕ ಕೋಣೆಗೆ ಇಂಥದ್ದು ಸಾಕು. ಬಜೆಟ್ಟಿನ ಮೂರನೇ ಒಂದು ಭಾಗದಲ್ಲೇ ಕೆಲಸ ಮುಗಿದು, ಉಳಿದದ್ದು ಕೋಣೆಗೆ ಸಿಗುತ್ತದೆ. ಕೋಣೆಗೆ ಯಾಕೆ ದುಡ್ಡು ಎಂದು ಆಮೇಲೆ ಹೇಳುತ್ತೇನೆ. ಹಾಲ್ ದೊಡ್ಡದಿದ್ದರೆ ಐದು ಇಂಚಿನ ವೂಫರ್ ಇರುವ ಜೋಡಿ ನೋಡಿ.

ಎರಡನೆಯ ದಾರಿ ಬೇರೆ ಬೇರೆ ಆಂಪ್ಲಿಫೈಯರ್ ಮತ್ತು ಸ್ಪೀಕರ್. ಮುಂದೆ ಒಂದೊಂದಾಗಿ ಬದಲಾಯಿಸಬಹುದು ಎಂಬುದು ಇದರ ಲಾಭ. ಈಗ ಅಂಗೈಯಗಲದ ಕ್ಲಾಸ್ ಡಿ ಆಂಪ್‌ಗಳು ಕಡಿಮೆ ಬೆಲೆಗೆ ಬರುತ್ತವೆ, ಬಿಸಿಯಾಗುವುದೂ ಕಡಿಮೆ. ದುಡ್ಡಿನ ಮುಕ್ಕಾಲು ಪಾಲು ಸ್ಪೀಕರ್‌ಗೆ ಹಾಕಿ. ಆಂಪ್‌ನಿಂದ ಆಂಪ್‌ಗೆ ಇರುವ ವ್ಯತ್ಯಾಸ ಅಷ್ಟು ಸುಲಭವಾಗಿ ಕೇಳಿಸುವುದಿಲ್ಲ. ಸ್ಪೀಕರ್‌ನಿಂದ ಸ್ಪೀಕರ್‌ಗೆ ಇರುವ ವ್ಯತ್ಯಾಸ ಮಕ್ಕಳಿಗೂ ತಿಳಿಯುತ್ತದೆ.

ಮೂರನೆಯದು ಸೆಕೆಂಡ್ ಹ್ಯಾಂಡ್. ನನಗೆ ಬಹಳ ಇಷ್ಟದ ದಾರಿ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಂಬತ್ತು ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಬಹಳ ಮನೆಗಳಿಗೆ ಒಳ್ಳೆಯ ಸ್ಟೀರಿಯೊ ಬಂದಿದ್ದವು. ಕೋಲ್ಕತ್ತದ ಸೋನೋಡೈನ್ ಕಂಪನಿಯ ಸ್ಪೀಕರ್‌ಗಳು, ಗಲ್ಫ್‌ನಿಂದ ಬಂದವರು ತಂದ ಜಪಾನಿ ಸೆಟ್‌ಗಳು. ಅವುಗಳಲ್ಲಿ ಎಷ್ಟೋ ಈಗ ಅಟ್ಟದ ಮೇಲಿವೆ. ಕೊಳ್ಳುವ ಮುಂಚೆ ಮೂರು ಕಡೆ ನೋಡಬೇಕು. ಮುಂದಿನ ಜಾಲರಿ ತೆಗೆದು ವೂಫರ್‌ನ ಸುತ್ತ ಇರುವ ಅಂಚು ಮುಟ್ಟಿ ನೋಡಿ. ಅದು ಫೋಮ್ ಆಗಿದ್ದರೆ ಹದಿನೈದು ಇಪ್ಪತ್ತು ವರ್ಷದಲ್ಲಿ ಪುಡಿಯಾಗಿರುತ್ತದೆ, ನಮ್ಮ ಕರಾವಳಿ ಮಲೆನಾಡಿನ ತೇವದ ಹವೆಯಲ್ಲಿ ಇನ್ನೂ ಬೇಗ. ರಬ್ಬರ್ ಆಗಿದ್ದರೆ ಬಹಳ ಕಾಲ ಬಾಳುತ್ತದೆ. ಪುಡಿಯಾಗಿದ್ದರೂ ಗಾಬರಿ ಬೇಡ. ಅಂಚು ಹೊಸದಾಗಿ ಕಟ್ಟಿಕೊಡುವವರು, ರೀಕೋನ್ ಮಾಡುವವರು, ಅಂದರೆ ಕೋನನ್ನೇ ಬದಲಿಸಿಕೊಡುವವರು ಇದ್ದಾರೆ. ಆ ಖರ್ಚು ಬೆಲೆಯಲ್ಲಿ ಕಡಿಮೆ ಮಾಡಿಸಿಕೊಳ್ಳಿ. ಎರಡನೆಯದು, ಕೋನ್‌ನ ನಡುವೆ ಎರಡು ಬದಿಗೆ ಬೆರಳಿಟ್ಟು ಮೆಲ್ಲಗೆ ಒತ್ತಿ. ಒಳಗೆ ಉಜ್ಜಿದ ಸದ್ದು ಬಂದರೆ ಒಳಗಿನ ತಂತಿಯ ಸುರುಳಿ, ಅಂದರೆ ಕಾಯಿಲ್, ಓರೆಯಾಗಿದೆ, ಬಿಟ್ಟುಬಿಡಿ. ಮೂರನೆಯದು, ಆಂಪ್ಲಿಫೈಯರ್‌ನ ವಾಲ್ಯೂಮ್ ತಿರುಗಿಸಿ. ಕರಕರ ಅಂದರೆ ಬರೀ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದರೆ ಹೆಚ್ಚಾಗಿ ಸರಿಹೋಗುತ್ತದೆ. ಒಂದು ಬದಿ ಪೂರ್ತಿ ಸತ್ತಿದ್ದರೆ ರಿಪೇರಿ ಬಲ್ಲವರನ್ನು ಕೇಳದೆ ದುಡ್ಡು ಕೊಡಬೇಡಿ.

ಹಾಡು ಎಲ್ಲಿಂದ ಬರಬೇಕು? ಇದಕ್ಕೆ ಹೆಚ್ಚು ಹೇಳುವುದಿಲ್ಲ. ಫೋನ್ ಸಾಕು. ಹೆಡ್‌ಫೋನ್ ತೂತು ಇಲ್ಲದಿದ್ದರೆ ಸಣ್ಣ ಯುಎಸ್‌ಬಿ ಡಾಂಗಲ್ ಹಾಕಿ. ಮನೆಯಲ್ಲಿ ಸಿ.ಡಿ.ಗಳಿದ್ದರೆ ಹಳೆಯ ಡಿವಿಡಿ ಪ್ಲೇಯರ್ ಹೊರಗೆ ತೆಗೆಯಿರಿ. ಅದರ ಹಿಂದಿನ ಕೆಂಪು ಬಿಳಿ ತೂತಿನಿಂದ ನೇರವಾಗಿ ಸ್ಪೀಕರ್‌ಗೆ ಕೊಡಬಹುದು, ಒಳ್ಳೆಯ ಸಿ.ಡಿ. ಪ್ಲೇಯರ್ ಬಿಟ್ಟಿ ಸಿಕ್ಕ ಹಾಗೆ. 1982ರಲ್ಲಿ ಬಂದ ಸಿ.ಡಿ.ಯ ಗುಣಮಟ್ಟ, ಅಂದರೆ 16 ಬಿಟ್, 44.1 ಕಿಲೋಹರ್ಟ್ಸ್, ನಮ್ಮ ಕಿವಿಗೆ ಇಂದಿಗೂ ಸಾಕು. ಅದಕ್ಕಿಂತ ದೊಡ್ಡ ಸಂಖ್ಯೆಗಳಿಗೆ ಈ ಬಜೆಟ್ಟಿನಲ್ಲಿ ದುಡ್ಡು ಹಾಕಬೇಡಿ.

ಅಂಗಡಿಗೆ ಹೋಗುವಾಗ ನಿಮ್ಮ ಹಾಡುಗಳನ್ನೇ ತೆಗೆದುಕೊಂಡು ಹೋಗಿ. ಅವರು ಹಾಕುವ ಡೆಮೊ ಹಾಡಿನಲ್ಲಿ ಢಂ ಅನ್ನುವುದು, ಗಾಜು ಒಡೆಯುವುದು ಚೆನ್ನಾಗಿ ಕೇಳಿಸುತ್ತದೆ. ನೀವು ಮನೆಯಲ್ಲಿ ಕೇಳುವುದು ಅದನ್ನಲ್ಲವಲ್ಲ. ನಾನು ಮೂರು ಒಯ್ಯುತ್ತೇನೆ. ಒಂದು ವಿಲಂಬಿತ ಖ್ಯಾಲ್, ಅಂದರೆ ನಿಧಾನ ಲಯದ ಹಿಂದೂಸ್ತಾನಿ ಗಾಯನ, ತಂಬೂರಿಗಾಗಿ. ಒಂದು ಮೃದಂಗ, ಘಟಂ ತನಿ ಆವರ್ತನ, ತಾಳವಾದ್ಯಗಳಷ್ಟೇ ನುಡಿಯುವ ಭಾಗ. ಘಟದ ಮೇಲೆ ಬೆರಳು ಬಿದ್ದದ್ದು, ಮೃದಂಗದ ಎಡಬದಿಯ ತೊಪ್ಪಿಯ ಮೇಲೆ ಅಂಗೈ ಬಿದ್ದದ್ದು ಬೇರೆ ಬೇರೆಯಾಗಿ ಕೇಳಬೇಕು. ಮೂರನೆಯದು ಪಿ.ಬಿ. ಶ್ರೀನಿವಾಸ್ ಅವರ ಹಳೆಯ ಹಾಡು. ಅದರಲ್ಲಿ 'ಸ' ಮತ್ತು 'ಶ' ಗಮನಿಸಿ. 'ಸ' ಕಿವಿಗೆ ಚುಚ್ಚಿದರೆ ಟ್ವೀಟರ್ ಒರಟು. 'ಸ', 'ಶ' ಎರಡೂ ಒಂದೇ ಥರ ಕೇಳಿದರೆ ಮೇಲಿನ ಸ್ವರಗಳು ಎಲ್ಲೋ ಕಳೆದುಹೋಗಿವೆ. ದನಿ ಮೂಗಿನಿಂದ ಬಂದ ಹಾಗಿದ್ದರೆ ಡಬ್ಬಿಯೇ ಸರಿಯಿಲ್ಲ. ಹಾಡಿನ ಮಾತು ತಿಳಿಯದ ಸ್ಪೀಕರ್ ಕನ್ನಡ ಹಾಡಿಗೆ ಬೇಡ.

ಎರಡು ಜೋಡಿ ಹೋಲಿಸುವಾಗ ಸದ್ದು ಸಮ ಇರಲಿ. ಚೂರು ಜೋರಾಗಿರುವುದೇ ಒಳ್ಳೆಯದು ಎಂದು ನಮ್ಮ ಕಿವಿಗೆ ಅನ್ನಿಸಿಬಿಡುತ್ತದೆ. ಇದು ಎಲ್ಲರ ಕಿವಿಯ ಗುಣ, ಸಂಗೀತಗಾರರದ್ದೂ ಸೇರಿ. ಫೋನಿನಲ್ಲಿ ಸದ್ದು ಅಳೆಯುವ ಆಪ್ ಹಾಕಿಕೊಂಡರೆ ಸಮ ಮಾಡುವುದು ಸುಲಭ. ಸುಮ್ನೆ ಎರಡು ನಿಮಿಷ ಕೇಳಿ ತೀರ್ಮಾನ ಮಾಡಬೇಡಿ. ಹದಿನೈದು ನಿಮಿಷ ಕೂತು ಕೇಳಿ. ಆಮೇಲೂ ಇನ್ನೊಂದು ಹಾಡು ಹಾಕಿ ಅನ್ನಿಸಿದರೆ ಅದು ನಿಮ್ಮದು.

ಈಗ ಕೋಣೆ. ಇಷ್ಟು ಹೊತ್ತು ಹೇಳಿದ್ದಕ್ಕಿಂತ ಇದು ದೊಡ್ಡದು. ನೀವು ಕೊಂಡ ಸ್ಪೀಕರ್ ಅರ್ಧ ಮಾತ್ರ, ಇನ್ನರ್ಧ ನಿಮ್ಮ ಗೋಡೆ ಮತ್ತು ನೆಲ. ನಮ್ಮ ಹಳೆಯ ಮನೆಗಳಲ್ಲಿ ಮಣ್ಣಿನ ಗೋಡೆ, ಮರದ ತೊಲೆ, ಎಲ್ಲೆಂದರಲ್ಲಿ ಹಾಸಿಗೆ ಸುತ್ತಿಟ್ಟಿರುತ್ತಿದ್ದರು. ಸದ್ದು ಅಲ್ಲೇ ಇಂಗುತ್ತಿತ್ತು. ಈಗ ಎಲ್ಲ ಆರ್‌ಸಿಸಿ. ನೆಲಕ್ಕೆ ಟೈಲ್ಸ್, ಕಿಟಕಿಗೆ ದೊಡ್ಡ ಗಾಜು. ಹಾಲ್‌ನ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಟಂಯ್ ಎಂದು ಬಾಲ ಉಳಿದರೆ ಅದೇ ಬಾಲ ಪ್ರತಿ ಸ್ವರಕ್ಕೂ ಅಂಟಿಕೊಳ್ಳುತ್ತದೆ. ಎಷ್ಟು ಬೆಲೆಯ ಸ್ಪೀಕರ್ ತಂದರೂ ಅದು ಹೋಗುವುದಿಲ್ಲ.

ಹೋಗಿಸುವುದು ಹೇಗೆ? ನಮ್ಮ ಕಡೆ ಇದಕ್ಕೆ ಬೇಕಾದ ಸಾಮಾನು ಮನೆಯಲ್ಲೇ ಇದೆ. ನವಲಗುಂದದ ಜಮಖಾನೆ ನೆಲಕ್ಕೆ ಹಾಸಿದರೆ ಚುಚ್ಚುವ ಸದ್ದು ಸ್ವಲ್ಪ ತಗ್ಗುತ್ತದೆ. ಆದರೆ ಅದು ತೆಳು, ಅದೊಂದರಿಂದಲೇ ಆಗುವುದಿಲ್ಲ. ನಿಜವಾಗಿ ಕೆಲಸ ಮಾಡುವುದು ಕೌದಿ. ಅಜ್ಜಿಯರು ಹಳೆಯ ಸೀರೆ, ಧೋತರಗಳನ್ನು ಪದರ ಪದರ ಹೊಲಿದ ದಪ್ಪ ಕೌದಿ ಇದೆಯಲ್ಲ, ಅದನ್ನು ನೀವು ಕೂರುವ ಜಾಗದ ಹಿಂದಿನ ಗೋಡೆಗೆ, ಒಂದೆರಡು ಇಂಚು ಗೋಡೆಯಿಂದ ಬಿಟ್ಟು ತೂಗುಹಾಕಿ. ನೋಡಲೂ ಚಂದ. ಪುಸ್ತಕ ತುಂಬಿದ ಕಪಾಟು, ದಪ್ಪ ಪರದೆ, ಹತ್ತಿಯ ಗಾದಿ ಎಲ್ಲವೂ ನೆರವಾಗುತ್ತವೆ. ಮತ್ತೆ ಚಪ್ಪಾಳೆ ತಟ್ಟಿ ನೋಡಿ, ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಸ್ಪೀಕರ್‌ಗಳನ್ನು ಶೋಕೇಸಿನಿಂದ ಹೊರಗೆ ತನ್ನಿ. ಇದನ್ನು ಕೈಮುಗಿದು ಕೇಳುತ್ತೇನೆ. ಮೂರು ಕಡೆ ಹಲಗೆ ಇರುವ ಗೂಡಿನೊಳಗೆ ಇಟ್ಟರೆ ಅದು ಗೂಡಿನ ದನಿಯಾಗುತ್ತದೆ. ಮೂಲೆಗೆ ತಳ್ಳಿದರೆ ಕೆಳಗಿನ ಸ್ವರಗಳು ಉಬ್ಬಿ, ಡಗ್ಗಾ ಬರೀ ಗುಮ್ಮೆನ್ನುತ್ತದೆ. ಹಿಂದಿನ ಗೋಡೆಯಿಂದ ಒಂದು, ಒಂದೂವರೆ ಅಡಿ ಮುಂದೆ ಇರಲಿ. ಎರಡು ಸ್ಪೀಕರ್ ನಡುವೆ ಆರು ಅಡಿ ಇದ್ದರೆ ನೀವೂ ಹೆಚ್ಚುಕಡಿಮೆ ಆರೇಳು ಅಡಿ ದೂರ ಕೂರಿ. ಎರಡೂ ನಿಮ್ಮ ಕಡೆ ಸ್ವಲ್ಪ ಮುಖ ತಿರುಗಿಸಿರಲಿ.

ಟ್ವೀಟರ್ ನಿಮ್ಮ ಕಿವಿಯ ಮಟ್ಟಕ್ಕೆ ಬರಬೇಕು. ಕುರ್ಚಿಯ ಮೇಲೆ ಕೂತರೆ ಕಿವಿ ಸುಮಾರು 38 ಇಂಚು ಎತ್ತರದಲ್ಲಿರುತ್ತದೆ. ಸಣ್ಣ ಸ್ಪೀಕರ್‌ನಲ್ಲಿ ಟ್ವೀಟರ್ ಬುಡದಿಂದ ಏಳೆಂಟು ಇಂಚು ಮೇಲೆ. ಹಾಗಾದರೆ 30 ಇಂಚಿನ ಸ್ಟ್ಯಾಂಡ್ ಬೇಕು. ಅಂಗಡಿಯ ಸ್ಟ್ಯಾಂಡ್ ದುಬಾರಿ. ನಿಮ್ಮ ಬಡಾವಣೆಯ ವೆಲ್ಡಿಂಗ್ ಅಂಗಡಿಗೆ ಹೋಗಿ, ಚೌಕ ಪೈಪಿಗೆ ಮೇಲೆ ಕೆಳಗೆ ಪ್ಲೇಟ್ ಹಾಕಿಸಿ, ಪೈಪಿನೊಳಗೆ ಒಣ ಮರಳು ತುಂಬಿಸಿ. ಕೆಳಗಿನ ಪ್ಲೇಟ್ ಅಗಲ ಇರಲಿ, ಮಕ್ಕಳು ಎಳೆದರೂ ಬೀಳಬಾರದು. ಮಾವ ನೆಲದ ಮೇಲೆ ಕೂತು ಕೇಳುವವರು. ಕೂತಾಗ ಅವರ ಕಿವಿ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ಟೇಪಿನಿಂದ ಅಳೆದು 20 ಇಂಚಿನ ಸ್ಟ್ಯಾಂಡ್ ಮಾಡಿಸಿದೆ.

ಫ್ಯಾನ್ ವಿಷಯ ಮರೆಯುವ ಮುಂಚೆ ಹೇಳುತ್ತೇನೆ. ಕೇಳುವಾಗ ಸಾಧ್ಯವಾದರೆ ಆರಿಸಿ, ಇಲ್ಲವೇ ಒಂದಕ್ಕೆ ಇಡಿ. ಫ್ಯಾನಿನ ಸೊಂಯ್ ಸದ್ದು ನೇರವಾಗಿ ತಂಬೂರಿಯ ಮೇಲೆ ಕೂರುತ್ತದೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ವೈರಿಗೆ ಸಾವಿರಗಟ್ಟಲೆ ಕೊಡಬೇಡಿ. ಮನೆ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರಿನ ತಾಮ್ರದ ವೈರ್ ಸಾಕು. ಮೂರು ಮೀಟರ್ ದೂರಕ್ಕೆ, ಹೋಗಿ ಬರುವ ಎರಡೂ ಎಳೆ ಸೇರಿ ಅದರ ತಡೆ 0.07 ಓಮ್ ಆಸುಪಾಸು. 8 ಓಮ್‌ನ ಸ್ಪೀಕರ್ ಮುಂದೆ ಅದು ಲೆಕ್ಕಕ್ಕಿಲ್ಲ. ಆದರೆ ಕೆಂಪು ಕಪ್ಪು ಅದಲುಬದಲಾಗದಂತೆ ನೋಡಿ. ಪವರ್ಡ್ ಸ್ಪೀಕರ್‌ನಲ್ಲೂ ಒಂದರಿಂದ ಇನ್ನೊಂದಕ್ಕೆ ಹೋಗುವ ವೈರಿನಲ್ಲಿ ಈ ತಪ್ಪು ಆಗುತ್ತದೆ. ಪರೀಕ್ಷೆಗೆ ಅದೇ ಪಿ.ಬಿ. ಶ್ರೀನಿವಾಸ್ ಹಾಡು ಹಾಕಿ. ಅರವತ್ತರ ದಶಕದ ಸಿನಿಮಾ ಹಾಡುಗಳು ಮೋನೊ, ಅಂದರೆ ಎರಡೂ ಸ್ಪೀಕರ್‌ಗೆ ಒಂದೇ ದನಿ. ಎಲ್ಲ ಸರಿಯಿದ್ದರೆ ದನಿ ಎರಡು ಸ್ಪೀಕರ್‌ಗಳ ನಡುವೆ, ಏನೂ ಇಲ್ಲದ ಜಾಗದಲ್ಲಿ, ಗಟ್ಟಿಯಾಗಿ ನಿಂತಿರುತ್ತದೆ. ಅದಲುಬದಲಾಗಿದ್ದರೆ ದನಿ ಚೆದುರಿ, ತೆಳ್ಳಗಾಗಿ, ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಹಾಕಿದಾಗ ಗುಂಯ್ ಸದ್ದು ಬಂದರೆ ಚಾರ್ಜರ್ ಕಿತ್ತು ನೋಡಿ. ನಿಂತರೆ ತೊಂದರೆ ಸ್ಪೀಕರ್‌ದಲ್ಲ. ಗುಡುಗು ಸಿಡಿಲು ಶುರುವಾದ ಕೂಡಲೇ ಪ್ಲಗ್ ಕಿತ್ತಿಡಿ.

ಮಾವನ ಮನೆಯ ಕಥೆ ಬಾಕಿ ಉಳಿಯಿತು. ಆ ಹೋಂ ಥಿಯೇಟರ್ ಮಕ್ಕಳ ಟಿ.ವಿ. ಕೋಣೆಗೆ ಹೋಯಿತು. ನಾಲ್ಕು ಇಂಚಿನ ವೂಫರ್ ಇದ್ದ ಒಂದು ಜೋಡಿ ಪವರ್ಡ್ ಸ್ಪೀಕರ್ ತಂದೆವು. ಶೋಕೇಸ್ ಬಿಟ್ಟು ಹೊರಗೆ, ವೆಲ್ಡಿಂಗ್ ಅಂಗಡಿಯ ಸ್ಟ್ಯಾಂಡಿನ ಮೇಲೆ ಕೂರಿಸಿದೆವು. ಅತ್ತೆ ಟ್ರಂಕಿನಿಂದ ತಮ್ಮ ತಾಯಿ ಹೊಲಿದ ಕೌದಿ ತೆಗೆದುಕೊಟ್ಟರು, ಅದು ಮಾವನ ಹಿಂದಿನ ಗೋಡೆಗೆ ಬಂತು. ಫ್ಯಾನ್ ಆರಿಸಿ ಅದೇ ಮನ್ಸೂರರ ರೆಕಾರ್ಡಿಂಗ್ ಹಾಕಿದೆ. ಮಾವ ಮೊದಲಿನ ಹಾಗೆಯೇ ಕಣ್ಣು ಮುಚ್ಚಿ ಕೂತರು. ಈ ಸಲ ಅವರ ಬಲಗೈ ಬೆರಳು ತೊಡೆಯ ಮೇಲೆ ಮೆಲ್ಲಗೆ ಆಡತೊಡಗಿತು, ತಂತಿ ಮೀಟುವಂತೆ. ಹತ್ತು ನಿಮಿಷ ಕಳೆದು ಕಣ್ಣು ತೆರೆದರು.

"ಪಂಚಮದ ತಂತಿ ಒಂಚೂರು ಇಳದೈತಿ ನೋಡು," ಅಂದರು.

ನಾನು ಆ ರೆಕಾರ್ಡಿಂಗ್ ಎಷ್ಟೋ ವರ್ಷದಿಂದ ಕೇಳಿದ್ದೆ. ಹಿಂದಕ್ಕೆ ಹೋಗಿ ಮತ್ತೆ ಹಾಕಿ ಕೇಳಿದೆ. ಇಳಿದಿತ್ತು.